ಓಣಿಯ ಶಾಲೆಯ ಗೇಟಿಗೆ ಕೀಲಿ ಬೀಳಬಾರದು

ಕ್ಯೋಟೊ, ಜಪಾನ್
ರವಿವಾರ ರಾತ್ರಿ

ಅಪ್ಪ, ಅವ್ವನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಅವ್ವ, ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಇದೆ. ಉಳಿದ ಸುದ್ದಿ ಆಮೇಲೆ. ನಿನ್ನೆಯಿಂದ ತಲೆಯಲ್ಲಿ ಧಾರವಾಡದ ನಮ್ಮ ಓಣಿಯ ಶಾಲೆಯದೊಂದೇ ಓಡುತ್ತಿದೆ.

ಅಪ್ಪ, ನೀವು ಕಳಿಸಿದ ಫೋಟೋ ನೋಡಿದೆ. ಪಡಸಾಲೆ ಗೋಡೆಯ ಅದೇ ಕರಿಹಲಗೆ. ಗಂಡು 4, ಹೆಣ್ಣು 7, ಒಟ್ಟು 11. ನಾಲ್ಕನೇ ತರಗತಿಯಲ್ಲಿದ್ದಾಗ ಅದರ ಮೇಲೆ ಹಾಜರಿ ಬರೆಯುವ ಕೆಲಸ ನನ್ನದಾಗಿತ್ತು. 'ಒಟ್ಟು' ಅನ್ನುವಲ್ಲಿ ಮೂರಂಕಿಗೆ ಜಾಗ ಸಾಲುತ್ತಿರಲಿಲ್ಲ. ಕೊನೆಯ ಅಂಕಿ ಚೌಕಟ್ಟಿನ ಕಟ್ಟಿಗೆಯ ಮೇಲೆ ಹೋಗುತ್ತಿತ್ತು. ಫೋಟೋ ದೊಡ್ಡದು ಮಾಡಿ ನೋಡಿದೆ, ಕಟ್ಟಿಗೆಯ ಮೇಲೆ ಆ ಸೀಮೆಸುಣ್ಣದ ಕಲೆ ಇನ್ನೂ ಇದೆ.

ಜೂನ್‌ನಿಂದ ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸುತ್ತಾರೆ, ಈ ಜಾಗ ಏನು ಮಾಡೋದು ಅಂತ ಬುಧವಾರ ಓಣಿಯವರ ಸಭೆ ಇದೆ ಎಂದಿರಿ. ಒಬ್ಬರು ಕಾಂಪ್ಲೆಕ್ಸ್ ಅಂತಾರೆ, ಇನ್ನೊಬ್ಬರು ಕಲ್ಯಾಣ ಮಂಟಪ, ಮತ್ತೊಬ್ಬರು ಕೋಚಿಂಗ್ ಹುಡುಗರಿಗೆ ಪಿಜಿ. ಧಾರವಾಡದಲ್ಲಿ ಪಿಜಿಗೆ ಬಾಡಿಗೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ಜಾಗದ ಮಾತಿಗಿಂತ ಮೊದಲು ಆ ಹನ್ನೊಂದು ಮಕ್ಕಳ ಮಾತು ಆಗಲಿ ಅಪ್ಪ. ದೊಡ್ಡ ಶಾಲೆಗೆ ಹೋಗಬೇಕೆಂದರೆ ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ ಓಡುವ ರಸ್ತೆ ದಾಟಬೇಕು. ನಡುವೆ ಬಸ್ಸಿನ ದಾರಿ, ಆಚೆ ಈಚೆ ಉಳಿದ ಗಾಡಿಗಳು. ಏಳು ವರ್ಷದ ಕೂಸು ಒಬ್ಬಂಟಿಯಾಗಿ ದಾಟುವ ರಸ್ತೆಯಾ ಅದು? ಐದನೇ ತರಗತಿವರೆಗಿನ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮ ಹೇಳುತ್ತದೆ. ದೂರ ಅಳೆಯುತ್ತಾರೆ, ರಸ್ತೆ ಎಂಥದ್ದು ಅಂತ ಯಾರೂ ನೋಡುವುದಿಲ್ಲ. ಆ ಮಕ್ಕಳ ಅವ್ವಂದಿರು ಬೆಳಿಗ್ಗೆ ಏಳಕ್ಕೇ ಮನೆಗೆಲಸಕ್ಕೆ ಹೋಗುತ್ತಾರೆ. ಒಂದು ತಿಂಗಳು ಹೇಗೋ ಹೋದಾವು. ಆಮೇಲೆ ದೊಡ್ಡ ಹುಡುಗಿ ತಮ್ಮನನ್ನು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾಳೆ. ನನಗೆ ಅದರದೇ ಜಾಸ್ತಿ ಚಿಂತೆ.

ನಮ್ಮ ಮನೆಯ ಮಾತೂ ಹೇಳಬೇಕು. ಅಣ್ಣನ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕುವಾಗ ನಾವ್ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಓಣಿಯ ಮನೆಮನೆಯಲ್ಲೂ ಹಾಗೇ ಆಯಿತು. ವೈನಿಗೆ ಇದನ್ನು ಓದಿ ಹೇಳಿ, ಆದರೆ ಅವರ ಮೇಲೆ ತಪ್ಪು ಹೊರಿಸಬೇಡಿ.

ಇವತ್ತು ಇಲ್ಲಿನ ಒಂದು ಹಳೆ ಶಾಲೆ ನೋಡಿಬಂದೆ. ಈಗ ಅದು ಮಾಂಗಾ ಮ್ಯೂಸಿಯಂ, ಅಂದರೆ ಜಪಾನಿನ ಚಿತ್ರಕಥೆ ಪುಸ್ತಕಗಳ ಮನೆ. 1869ರಲ್ಲಿ ಕ್ಯೋಟೊ ಊರಿನವರು ಓಣಿಗೊಂದರಂತೆ 64 ಶಾಲೆ ಕಟ್ಟಿದರಂತೆ. ಇಡೀ ದೇಶಕ್ಕೆ ಸರ್ಕಾರ ಶಾಲೆಯ ಕಾನೂನು ತಂದಿದ್ದು 1872ರಲ್ಲಿ. ಆ ಶಾಲೆಗಳನ್ನು ನಡೆಸಲು ಎತ್ತಿದ ದುಡ್ಡಿಗೆ ಇಲ್ಲಿಯವರು 'ಒಲೆ ದುಡ್ಡು' ಅಂತಾರೆ. ಮನೆಯಲ್ಲಿ ಮಕ್ಕಳಿರಲಿ, ಬಿಡಲಿ, ಒಲೆ ಉರಿಯುವ ಮನೆಯಿಂದ ಪಟ್ಟಿ ಎತ್ತುತ್ತಿದ್ದರು. ಓಣಿಯ ಸಭೆಯೂ ಶಾಲೆಯಲ್ಲೇ, ಬೆಂಕಿ ಬಿದ್ದರೆ ನೋಡುವ ಗೋಪುರವೂ ಶಾಲೆಯ ಮೇಲೇ. ಅದೇ ಸುಮಾರಿಗೆ ನಮ್ಮ ಕಡೆ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಊರೂರು ಓಡಾಡುತ್ತಿದ್ದರು ಅಂತ ನೀವು ಹೇಳುತ್ತಿದ್ದುದು ನೆನಪಾಯಿತು.

ಮಕ್ಕಳು ಕಡಿಮೆಯಾಗಿ 1995ರಲ್ಲಿ ನಾನು ನೋಡಿದ ಆ ಶಾಲೆ ಮುಚ್ಚಿತು. ಮ್ಯೂಸಿಯಂ ಆಗಿದ್ದು 2006ರಲ್ಲಿ. ನಡುವೆ ಹನ್ನೊಂದು ವರ್ಷ! ನಮ್ಮಲ್ಲಿ ಒಂದೇ ಬುಧವಾರದಲ್ಲಿ ತೀರ್ಮಾನ ಮಾಡಲು ಹೊರಟಿದ್ದಾರೆ. ಹಳೆ ಕಟ್ಟಿಗೆಯ ಮೆಟ್ಟಿಲು ಹಾಗೇ ಇದೆ, ಕಾಲಿಟ್ಟರೆ ಕಿರ್ ಅನ್ನುತ್ತದೆ. ಶಾಲೆಯ ಹಳೆಯ ಸಾಮಾನುಗಳಿಗೆಂದೇ ಒಂದು ಕೋಣೆ ಬಿಟ್ಟಿದ್ದಾರೆ. ಮೈದಾನದ ಹಸಿರಿನ ಮೇಲೆ ಮಕ್ಕಳು ಬೋರಲು ಮಲಗಿ ಪುಸ್ತಕ ಓದುತ್ತಿದ್ದರು. ಒಳಗೆ ಹೋಗಲು ಟಿಕೆಟ್ ಇದೆ, ಅದೊಂದು ನನಗೆ ಹಿಡಿಸಲಿಲ್ಲ.

ಇದೇ ಊರಲ್ಲಿ ಕೆಲವು ಶಾಲೆಗಳು ಹೋಟೆಲ್ ಆಗಿವೆ. ಅಲ್ಲೂ ಜಾಗ ಮಾರಿಲ್ಲ, ಲೀಸಿಗೆ ಕೊಟ್ಟಿದ್ದಾರೆ. ಒಂದರಲ್ಲಿ ಓಣಿಯವರು ಕೂಡಲು ಜಾಗವನ್ನೂ ಉಳಿಸಿದ್ದಾರೆ. ಆದರೂ ಅದರ ಬಾಗಿಲ ಮುಂದೆ ನಿಂತಾಗ ಒಳಗೆ ಕಾಲಿಡಲು ನನಗೆ ಸಂಕೋಚವಾಯಿತು. ನಮ್ಮ ಶಾಲೆಯ ಮುಂದೆ ನಿಮಗೆ, ಅವ್ವನಿಗೆ ಹಾಗೆ ಆಗಬಾರದು. ಬೇಸಿಗೆಯಲ್ಲಿ ಅವ್ವ ಸಂಡಿಗೆ ಒಣಗಿಸುವುದು ಅದೇ ಕಟ್ಟೆಯ ಮೇಲೆ ಅಲ್ವಾ? ಎಲೆಕ್ಷನ್ ಬಂದರೆ ಓಟು ಹಾಕುವುದು ಅಲ್ಲೇ. ಮೂಲೆ ಕೋಣೆಯಲ್ಲಿ ಅಂಗನವಾಡಿ ಇದೆ. ಅದನ್ನು ಎಲ್ಲಿಗೆ ಒಯ್ಯುತ್ತಾರೆ ಅಂತ ಯಾರಾದರೂ ಕೇಳಿದ್ದಾರಾ?

ಅಪ್ಪ, ಸಭೆಯಲ್ಲಿ ಮೊದಲು ಉತಾರ, ಅಂದರೆ ಜಾಗ ಯಾರ ಹೆಸರಲ್ಲಿದೆ ಅನ್ನುವ ದಾಖಲೆ ತೋರಿಸಿ ಅನ್ನಿ. ಎಷ್ಟೋ ಹಳೆ ಶಾಲೆಗಳ ಜಾಗ ಇನ್ನೂ ದಾನ ಕೊಟ್ಟವರ ಹೆಸರಲ್ಲೇ ಇದೆ. ನಾಳೆ ಯಾರೋ ವಾರಸುದಾರರು ಬಂದು ನಮ್ಮದು ಅಂದರೆ ಏನು ಮಾಡೋದು? ಈ ಜಾಗವನ್ನು ಶಾಲೆಗೆಂದೇ ಬಕ್ಷೀಸ್ ಪತ್ರ, ಅಂದರೆ ದಾನಪತ್ರ ಮಾಡಿಕೊಟ್ಟಿದ್ದರು ಅಂತ ಅಜ್ಜ ಹೇಳುತ್ತಿದ್ದರು. ಅದರಲ್ಲಿ ಏನು ಷರತ್ತು ಬರೆದಿದ್ದಾರೋ ನೋಡಬೇಕು. ಆ ಕಾಗದ ನೋಡದೆ ಯಾವುದಕ್ಕೂ ಸಹಿ ಹಾಕಬೇಡಿ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ಇರುವ ತಾಯಂದಿರನ್ನೂ ಸಭೆಗೆ ಕರೆಸಿ. ಸಭೆ ಸಂಜೆ ಏಳರ ಮೇಲೆ ಇಟ್ಟರೆ ಮಾತ್ರ ಅವರು ಬಂದಾರು.

ನನ್ನ ಆಸೆ ಕೇಳಿದರೆ, ಒಂದರಿಂದ ಮೂರನೇ ತರಗತಿಯಾದರೂ ಅಲ್ಲೇ ಉಳಿಯಲಿ. ಅದೂ ಆಗದಿದ್ದರೆ ಅಂಗನವಾಡಿ ಇರಲಿ, ಎರಡು ಕೋಣೆ ವಾಚನಾಲಯವಾಗಲಿ. ಕೋಚಿಂಗಿಗೆ ಬಂದ ಹುಡುಗರು ಸಣ್ಣ ಕೋಣೆಯಲ್ಲಿ ನಾಲ್ಕು ಮಂದಿ ಇರುತ್ತಾರೆ, ಓದಲು ಅವರಿಗೂ ಜಾಗ ಬೇಕು. ಮೈದಾನ ಮಾತ್ರ ಹಾಗೇ ಬಿಡಲಿ. ಸಂಜೆ ಗೇಟಿಗೆ ಕೀಲಿ ಬೀಳಬಾರದು. ಇಷ್ಟನ್ನು ಬರೆದು ಶಿಕ್ಷಣ ಇಲಾಖೆಯ ಬಿಇಒ ಕಚೇರಿಗೂ ಮಹಾನಗರ ಪಾಲಿಕೆಗೂ ಕೊಡಿ, ಕೊಟ್ಟ ಪ್ರತಿಯ ಮೇಲೆ ಕಚೇರಿಯ ಸೀಲು, ಸಿಕ್ಕಾ ಹಾಕಿಸಿಕೊಳ್ಳಿ.

ಅವ್ವ, ಅಜ್ಜನ ಟ್ರಂಕು ಅಟ್ಟದ ಮೇಲಿದೆಯಲ್ಲ, ಅದರ ತಳದಲ್ಲಿ ಕೆಂಪು ಬಟ್ಟೆ ಸುತ್ತಿದ ಕಾಗದದ ಗಂಟು ಇತ್ತು. ನಾಳೆಯೇ ಇಳಿಸಿ ನೋಡು. ಆ ಬಕ್ಷೀಸ್ ಪತ್ರದ ಪ್ರತಿ ಅದರಲ್ಲಿದ್ದರೂ ಇರಬಹುದು. ಮಡಿಕೆಗಳು ಹರಿದಾವು, ಹುಷಾರಾಗಿ ಬಿಚ್ಚು.

ಈ ಪತ್ರ ಪೋಸ್ಟಿನಲ್ಲಿ ಬರುವ ಹೊತ್ತಿಗೆ ಸಭೆ ಮುಗಿದಿರುತ್ತದೆ. ಅದಕ್ಕೇ ಫೋಟೋ ತೆಗೆದು ವಾಟ್ಸಾಪಿಗೂ ಹಾಕುತ್ತೇನೆ. ಇಲ್ಲಿ ನಮಗಿಂತ ಮೂರೂವರೆ ತಾಸು ಮುಂದೆ. ಬುಧವಾರ ಎಷ್ಟೇ ತಡವಾದರೂ ಫೋನ್ ಮಾಡಿ, ಎಚ್ಚರ ಇರುತ್ತೇನೆ.

ನಿಮ್ಮ ಮಗಳು