ಹಲ್ಲು ಸೆಟ್ಟಿಗೆ ಅಳತೆ ಕೊಟ್ಟವರನ್ನು ಅರ್ಧಕ್ಕೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಡೆಂಟಲ್ ಕಾಲೇಜುಗಳ ಪರೀಕ್ಷೆ ಹತ್ತಿರ ಬಂತೆಂದರೆ ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ‘ಉಚಿತ ದಂತ ತಪಾಸಣಾ ಶಿಬಿರ’ದ ಬ್ಯಾನರುಗಳು ಹೆಚ್ಚುತ್ತವೆ. ಶಾಲೆಯ ಜಗಲಿಯಲ್ಲೋ ಹಾಲಿನ ಡೇರಿ ಮುಂದೋ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ. ಟಾರ್ಚು ಬಿಟ್ಟು ಬಾಯಿ ನೋಡಿ, ಹಲ್ಲಿಲ್ಲದ ಹಿರಿಯರ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದುಕೊಂಡು ಹೋಗುತ್ತಾರೆ. ಮಾರನೇ ವಾರ ಕಾಲೇಜಿನ ಬಸ್ಸು ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆ ಬಸ್ಸು ಹತ್ತಿದವರಲ್ಲಿ ಎಷ್ಟು ಜನರಿಗೆ ಕೊನೆಗೆ ಹಲ್ಲು ಸೆಟ್ಟು ಕೈಗೆ ಬಂತು ಎಂದು ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ನಾನು ಡಾಕ್ಟರಲ್ಲ. ಒಂದು ಡೆಂಟಲ್ ಕಾಲೇಜಿನ ಹೊರರೋಗಿ ವಿಭಾಗದ ಕೌಂಟರಿನಲ್ಲಿ ಚೀಟಿ ಬರೆದು, ಕಾರ್ಡು ಹುಡುಕಿ ಕೊಟ್ಟು ನಿವೃತ್ತಳಾದವಳು. ಕಾಲೇಜಿನ ಹೆಸರು ಇಲ್ಲಿ ಬೇಡ. ಬೇರೆ ಕಾಲೇಜುಗಳ ಕೌಂಟರಿನಲ್ಲಿ ಕುಳಿತವರೊಂದಿಗೆ ಮಾತಾಡಿದರೆ ಅವರೂ ಇದೇ ಕಥೆ ಹೇಳುತ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಹಲ್ಲಿನ ಡಾಕ್ಟರಾಗಲು ಓದುವ ಬಿಡಿಎಸ್ ಪದವಿ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೂರನೇ ವರ್ಷದಿಂದ ಹುಡುಗರು ರೋಗಿಗಳನ್ನು ಮುಟ್ಟುತ್ತಾರೆ. ಹಲ್ಲು ಕೀಳುವ ವಿಭಾಗ, ತುಂಬುವ ವಿಭಾಗ, ವಸಡಿನದು, ಮಕ್ಕಳದು, ಸೆಟ್ಟು ಕಟ್ಟುವುದು ಎಂದು ಕೆಲವು ವಾರಗಳಿಗೊಮ್ಮೆ ಪೋಸ್ಟಿಂಗ್ ಬದಲಾಗುತ್ತಿರುತ್ತದೆ. ಪ್ರತಿ ವಿಭಾಗದಲ್ಲೂ ಇಷ್ಟು ಕೆಲಸ ಮುಗಿಸಬೇಕೆಂಬ ಲೆಕ್ಕವಿದೆ. ಹುಡುಗರು ಅದನ್ನು ಕೋಟಾ ಎನ್ನುತ್ತಾರೆ. ಪ್ರತಿ ಹಂತಕ್ಕೂ ಲಾಗ್‌ಬುಕ್ಕಿನಲ್ಲಿ ಸ್ಟಾಫ್, ಅಂದರೆ ಕಲಿಸುವ ಡಾಕ್ಟರ, ಸಹಿ ಬೀಳಬೇಕು. ಕೋಟಾ ಮುಗಿಯದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ನನ್ನ ತಂಗಿಯ ಹಲ್ಲು ಹುಳುಕಾದಾಗ ನಾನು ಕರೆದುಕೊಂಡು ಹೋಗಿದ್ದು ವಿದ್ಯಾರ್ಥಿಗಳ ಕ್ಲಿನಿಕ್ಕಿಗೇ. ಹೊರಗಿನ ಡಾಕ್ಟರು ಅರ್ಧ ಗಂಟೆಯಲ್ಲಿ ಮುಗಿಸುವ ಫಿಲ್ಲಿಂಗಿಗೆ ಆ ಹುಡುಗಿ ಇಡೀ ಬೆಳಗ್ಗೆ ತೆಗೆದುಕೊಂಡಳು ನಿಜ. ಕೊರೆದ ಕುಳಿಯನ್ನು ಸ್ಟಾಫ್ ನೋಡಿ ಸಹಿ ಹಾಕುವವರೆಗೆ ತುಂಬುವ ಹಾಗಿಲ್ಲ, ಸ್ಟಾಫ್ ಮೀಟಿಂಗಿನಲ್ಲಿದ್ದರು, ತಂಗಿ ಬಾಯಿ ತೆರೆದುಕೊಂಡು ಕಾದಳು. ಆದರೆ ಒಂದು ಹಲ್ಲನ್ನು ಅಷ್ಟು ಶ್ರದ್ಧೆಯಿಂದ ನೋಡುವವರು ಹೊರಗೆ ಸಿಗುವುದು ಅಪರೂಪ. ದುಡ್ಡೂ ಕಡಿಮೆ. ಬಡವರಿಗೆ ಇಂಥ ಕ್ಲಿನಿಕ್ ಬೇಕೇ ಬೇಕು.

ತೊಂದರೆ ಎಲ್ಲಿದೆ ಎಂದರೆ, ಲಾಗ್‌ಬುಕ್ ಎಣಿಸುವುದು ವಿದ್ಯಾರ್ಥಿ ಮಾಡಿದ ಹಂತಗಳನ್ನು. ರೋಗಿಯ ಕೆಲಸ ಮುಗಿಯಿತೇ ಎಂದು ಕೇಳುವ ಕಾಲಂ ನಾನು ನೋಡಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಪೂರ್ತಿ ಹಲ್ಲು ಸೆಟ್ಟಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ದಿನಕ್ಕೆ ಆಗುವ ಕೆಲಸ ಅದಲ್ಲ. ಮೊದಲ ದಿನ ಮೇಲಿನ, ಕೆಳಗಿನ ವಸಡಿನ ಸಾದಾ ಅಳತೆ. ಅದರ ಮೇಲೆ ಆ ಬಾಯಿಗೇ ಹೊಂದುವ ಟ್ರೇ ಮಾಡಿಕೊಂಡು, ಅಂಚಿಗೆ ಮೇಣದಂಥ ಹಸಿರು ಕಡ್ಡಿಯನ್ನು ದೀಪದಲ್ಲಿ ಕರಗಿಸಿ ಹಚ್ಚಿ, ತುಟಿ ಕೆನ್ನೆ ಎಳೆದು ಎರಡನೇ ಅಳತೆ. ಆಮೇಲೆ ಮೇಣದ ದಿಂಡು ಕಚ್ಚಿಸಿ ದವಡೆ ಎಷ್ಟು ಎತ್ತರಕ್ಕೆ ಕೂರಬೇಕೆಂದು ನೋಡುವುದು. ಆಮೇಲೆ ಮೇಣದಲ್ಲೇ ಹಲ್ಲು ಜೋಡಿಸಿ ಬಾಯಿಗೆ ಇಟ್ಟು ನೋಡುವ ಟ್ರಯಲ್. ಅದು ಸರಿಯಾದರೆ ಲ್ಯಾಬಿನಲ್ಲಿ ಅಕ್ರಿಲಿಕ್‌ನಲ್ಲಿ ಬೇಯಿಸಿ, ಪಾಲಿಶ್ ಮಾಡಿ, ಕೊಡುವ ದಿನ. ಕೊಟ್ಟ ಮೇಲೂ ಒತ್ತಿದ ಕಡೆ ಹುಣ್ಣಾಗುತ್ತದೆ, ತಿದ್ದಿಸಿಕೊಳ್ಳಲು ಮತ್ತೆ ಬರಬೇಕು. ಎಲ್ಲ ನೆಟ್ಟಗೆ ನಡೆದರೂ ಐದಾರು ಸಲ ಬಸ್ಸು ಹತ್ತಲೇಬೇಕು. ಜೊತೆಗೆ ಬರುವ ಮಗನಿಗೋ ಸೊಸೆಗೋ ಆ ದಿನದ ಕೂಲಿ ಖೋತಾ.

ಈ ನಡುವೆ ವಿದ್ಯಾರ್ಥಿಯ ಪೋಸ್ಟಿಂಗ್ ಮುಗಿದರೆ? ಇಲ್ಲ, ಓದುವ ರಜೆ ಶುರುವಾದರೆ? ಮಾಗಡಿ ಕಡೆಯ ಒಬ್ಬ ಯಜಮಾನರು ನನಗೆ ನೆನಪಿದ್ದಾರೆ. ಟ್ರಯಲ್ ಆಗಿತ್ತು, ಕನ್ನಡಿಯಲ್ಲಿ ಮುಖ ನೋಡಿಕೊಂಡು ನಕ್ಕು ಹೋಗಿದ್ದರು. ಹುಡುಗ ರಜೆಗೆ ಊರಿಗೆ ಹೋದ. ಮೇಣದ ಸೆಟ್ಟು ಲ್ಯಾಬಿನ ಕಿಟಕಿ ಪಕ್ಕದ ಕಪಾಟಿನಲ್ಲಿ ಉಳಿಯಿತು. ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ಮುಂದಿನ ಹಲ್ಲುಗಳು ವಾಲಿಕೊಂಡವು. ಯಜಮಾನರು ವಾರ ಬಿಟ್ಟು ವಾರ ಬಂದು ಕೌಂಟರಿನ ಮುಂದೆ ನಿಂತು, “ನಮ್ ಡಾಕ್ಟ್ರು ಹುಡುಗ ಬಂದ್ನೇನಮ್ಮಾ?” ಎಂದು ಕೇಳುತ್ತಿದ್ದರು. ಕಾರ್ಡಿನಲ್ಲಿ ಆ ಹುಡುಗನ ಹೆಸರು ಬಿಟ್ಟರೆ ಬೇರೆ ಯಾರ ಹೆಸರೂ ಇಲ್ಲ. ಕೊನೆಗೆ ಬೇರೊಬ್ಬ ಹುಡುಗಿ ಒಪ್ಪಿಕೊಂಡಳು. ಆದರೆ ಬೇರೆಯವರು ಮಾಡಿದ ಹಂತಗಳು ಅವಳ ಕೋಟಾಕ್ಕೆ ಸೇರುವುದಿಲ್ಲ. ಹಾಗಾಗಿ ಮೊದಲಿಂದ ಅಳತೆ. ಯಜಮಾನರು ಮತ್ತೆ ಬರಲಿಲ್ಲ.

ಇನ್ನೊಂದು ವಿಚಾರ ಇದಕ್ಕಿಂತ ಬೇಸರದ್ದು. ಪರೀಕ್ಷೆಗೆ ವಿದ್ಯಾರ್ಥಿ ತನ್ನ ರೋಗಿಯನ್ನು ತಾನೇ ಹುಡುಕಿಕೊಂಡು ಬರಬೇಕು. ವಸಡಿನ ದಿಣ್ಣೆ ಎತ್ತರವಾಗಿ, ದುಂಡಗೆ ಇದ್ದರೆ ಅಳತೆ ಚೆನ್ನಾಗಿ ಬರುತ್ತದೆ, ಅಂಕವೂ ಬರುತ್ತದೆ. ಅಂಥ ಬಾಯಿ ಇದ್ದವರಿಗೆ ಭಾರೀ ಬೇಡಿಕೆ. “ಆಂಟಿ, ಒಂದು ಒಳ್ಳೆ ಸಿಡಿ ಪೇಷೆಂಟ್ ಇದ್ರೆ ನಂಗೇ ಹೇಳಿ ಆಂಟಿ, ಪ್ಲೀಸ್” ಎಂದು ಗೋಗರೆಯುವ ಮಕ್ಕಳನ್ನು ವರ್ಷವೂ ನೋಡಿದ್ದೇನೆ. ಸಿಡಿ ಎಂದರೆ ಅವರ ಭಾಷೆಯಲ್ಲಿ ಪೂರ್ತಿ ಸೆಟ್ಟು. ಎಷ್ಟೋ ವರ್ಷಗಳಿಂದ ಹಲ್ಲಿಲ್ಲದೆ ಕೆಳವಸಡು ಸವೆದು ಚಪ್ಪಟೆಯಾದ ಅಜ್ಜಿ ಬಂದರೆ? ಒಬ್ಬ ಬಾಯಿ ನೋಡಿ ಇನ್ನೊಬ್ಬನ ಹತ್ತಿರ ಕಳಿಸುತ್ತಾನೆ, ಅವನು ಸ್ನಾತಕೋತ್ತರ ಓದುವ ಪಿಜಿ ಹತ್ತಿರ, ಪಿಜಿಗೆ ಆ ತಿಂಗಳು ಬೇರೆ ಕೇಸು. ಯಾರಿಗೆ ಸೆಟ್ಟು ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಬೆಂಚಿನ ಮೇಲೆ ಉಳಿಯುತ್ತಾರೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅಂಕ ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾರೆ.

ದುಡ್ಡಿನ ಮಾತೂ ಇದೆ. ಪರೀಕ್ಷೆಯ ರೋಗಿಗೆ ಬಸ್ ಚಾರ್ಜು, ಊಟ, ದಿನದ ಕೂಲಿ ಎಲ್ಲವೂ ವಿದ್ಯಾರ್ಥಿಯ ಜೇಬಿನಿಂದ. ಕಳುಹಿಸಿಕೊಡುವ ಮಧ್ಯವರ್ತಿಗಳೂ ಇದ್ದಾರೆ, ಅವರಿಗೆ ಬೇರೆ. ಪರೀಕ್ಷೆ ದಿನ ಬೆಳಗ್ಗೆ ಗೇಟಿನ ಹತ್ತಿರವೇ ಹೆಚ್ಚು ದುಡ್ಡು ಕೊಡುತ್ತೇನೆಂದು ಒಬ್ಬರ ರೋಗಿಯನ್ನು ಇನ್ನೊಬ್ಬರು ಕರೆದುಕೊಂಡು ಹೋಗಿದ್ದನ್ನೂ ನೋಡಿದ್ದೇನೆ. ಕೇರಳದಿಂದ, ಉತ್ತರ ಭಾರತದಿಂದ ಬಂದ ಮಕ್ಕಳ ಪಾಡು ಇನ್ನೂ ಕಷ್ಟ. ನೆಂಟರಿಲ್ಲ, ಭಾಷೆ ಬರುವುದಿಲ್ಲ. ಮೇಣದ ದಿಂಡು ಬಾಯಿಗಿಟ್ಟು “ಕ್ಲೋಸ್ ಮಾಡಿ, ಕ್ಲೋಸ್ ಮಾಡಿ” ಎಂದು ಒಬ್ಬ ಹುಡುಗ ಹೇಳುತ್ತಿದ್ದರೆ ಅಜ್ಜಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದರು. ಓಡಿಹೋಗಿ, “ಬಾಯಿ ಕಚ್ಚಿ ಅಜ್ಜಿ” ಎಂದು ನಾನೇ ಹೇಳಬೇಕಾಯಿತು. ಇಪ್ಪತ್ತು ಕನ್ನಡ ವಾಕ್ಯಗಳನ್ನು ಮೂರನೇ ವರ್ಷದ ಮೊದಲ ವಾರದಲ್ಲಿ ಕಲಿಸಿದರೆ ಯಾರ ಗಂಟು ಹೋಗುತ್ತದೆ?

ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರದ ‘ದಂತಭಾಗ್ಯ’ ಯೋಜನೆ ಇದೆ, ಡೆಂಟಲ್ ಕಾಲೇಜುಗಳ ಮೂಲಕ ಉಚಿತವಾಗಿ ಸೆಟ್ಟು ಕೊಡಿಸುವಂಥದ್ದು. ಒಳ್ಳೆಯ ಯೋಜನೆ. ಆದರೆ ಕಾಲೇಜಿನ ಒಳಗಿನ ಏರ್ಪಾಡು ಸರಿಯಿಲ್ಲದಿದ್ದರೆ ಆ ಹಿರಿಯರೂ ಇದೇ ಬೆಂಚಿನ ಮೇಲೆ ಬಂದು ಕೂರುತ್ತಾರೆ.

ಮಾಡಬೇಕಾದ್ದು ದೊಡ್ಡದೇನಲ್ಲ. ರೋಗಿಯ ಕಾರ್ಡಿನ ಮೇಲೆ ವಿದ್ಯಾರ್ಥಿಯ ಹೆಸರಿನ ಜೊತೆ ಒಬ್ಬ ಸ್ಟಾಫ್ ಹೆಸರು ಇರಲಿ. ಹುಡುಗರು ಬದಲಾದರೂ ಸೆಟ್ಟು ಕೈಗೆ ಬರುವವರೆಗೆ ಆ ರೋಗಿ ಅವರ ಜವಾಬ್ದಾರಿ. ಅರ್ಧಕ್ಕೆ ನಿಂತ ಕೇಸನ್ನು ವಹಿಸಿಕೊಂಡು ಮುಗಿಸಿದ ವಿದ್ಯಾರ್ಥಿಗೆ ಪೂರ್ತಿ ಲೆಕ್ಕ ಕೊಡಿ, ಒಪ್ಪಿಸದೆ ಹೋದವರಿಗೆ ಕತ್ತರಿಸಿ. ಸವೆದ ವಸಡಿನ ರೋಗಿಯನ್ನು ತೆಗೆದುಕೊಂಡವರಿಗೆ ಹೆಚ್ಚು ಅಂಕ ಇಡಿ, ಅಜ್ಜಿಗೂ ಬೇಡಿಕೆ ಬರಲಿ. ಪರೀಕ್ಷೆಯ ರೋಗಿಗಳನ್ನು ಕಾಲೇಜೇ ಒದಗಿಸಿ, ಬಸ್ ಚಾರ್ಜು ಊಟ ಕಾಲೇಜಿನ ಖಾತೆಯಿಂದಲೇ ಕೊಡಲಿ. ಲಕ್ಷಗಟ್ಟಲೆ ಫೀಸು ತೆಗೆದುಕೊಳ್ಳುವ ಕಡೆ ಇದೊಂದು ಹೊರೆಯೇ ಅಲ್ಲ.

1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಅಡಿಯ ಕಾಲೇಜುಗಳಿಗೆ ಇಷ್ಟನ್ನು ಒಂದು ಸುತ್ತೋಲೆಯಲ್ಲಿ ಹೇಳಬಹುದು. ಕೋಟಾದ ಲೆಕ್ಕ ದಿಲ್ಲಿಯಿಂದ ಬರುವಂಥದ್ದು ಎಂಬ ಉತ್ತರ ಬರುತ್ತದೆಂದು ಗೊತ್ತು. 1948ರ ಹಳೆಯ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಪಾಸು ಮಾಡಿದೆ. ಹಳೆಯ ನಿಯಮಗಳನ್ನು ತಿರುವಿ ನೋಡಲು ಇದಕ್ಕಿಂತ ಬೇರೆ ಸಂದರ್ಭ ಬೇಕೇ? ರಾಜ್ಯದ ವಿಶ್ವವಿದ್ಯಾಲಯವೇ ಮೊದಲು ಮಾಡಿ ತೋರಿಸಿ, ದಿಲ್ಲಿಗೆ ಬರೆದು ಕಳಿಸಲಿ.

ಅಲ್ಲಿಯವರೆಗೆ, ಇದನ್ನು ಓದಿದವರು ಮನೆಯ ಹಿರಿಯರನ್ನು ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದಾಗ ವಿದ್ಯಾರ್ಥಿಯ ಫೋನ್ ನಂಬರ್ ಒಂದನ್ನೇ ಬರೆದುಕೊಂಡು ಬರಬೇಡಿ. ಸಹಿ ಹಾಕಿದ ಸ್ಟಾಫ್ ಯಾರು, ಈ ಹುಡುಗ ಹೋದರೆ ಯಾರನ್ನು ಕೇಳಬೇಕು ಎಂದು ಮೊದಲ ದಿನವೇ ಕೇಳಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಕೌಂಟರಿನಲ್ಲಿರುವವರು ಗೊಣಗಿದರೂ ಬರೆದುಕೊಡುತ್ತಾರೆ.

– ನಿವೃತ್ತ ಹೊರರೋಗಿ ವಿಭಾಗದ ನೌಕರಳು, ಬೆಂಗಳೂರು