ಬಣ್ಣ ಮುಟ್ಟದವರನ್ನೂ ಎಣಿಸಿ

ಮಾನ್ಯ ಸಂಪಾದಕರೇ,

ಜೈಲುಗಳಲ್ಲಿ ನಾಟಕ, ಚಿತ್ರಕಲೆ ಕಲಿಸುವ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಇದರಿಂದ ನಿಜಕ್ಕೂ ಉಪಯೋಗ ಇದೆಯೇ ಎಂದು ಅಳೆದು ನೋಡಬೇಕು ಎಂದಿದ್ದಾರೆ ಲೇಖಕರು. ಸರಿಯೇ. ಆದರೆ ಎಡವುವುದು ಅಳೆಯುವಾಗಲೇ.

ಕೆಲವು ವರ್ಷ ನಾನು ಕೈದಿಗಳಿಗೆ ಚಿತ್ರ ಬಿಡಿಸಲು ಕಲಿಸಿದ್ದೇನೆ. ಕೊನೆಯ ದಿನ ಒಂದು ಫಾರಂ ಹಂಚುತ್ತಿದ್ದೆವು. ಆತ್ಮವಿಶ್ವಾಸ ಹೆಚ್ಚಿದೆಯೇ? ಸಿಟ್ಟು ಇಳಿದಿದೆಯೇ? ಎಲ್ಲದಕ್ಕೂ ‘ಹೌದು’ ಎಂದೇ ಟಿಕ್. ಬಾಗಿಲಲ್ಲಿ ವಾರ್ಡರ್ ನಿಂತಿರುವಾಗ ಇನ್ನೇನು ಬರೆದಾರು? ‘ಇಲ್ಲ ಅಂತ ಹಾಕಿದ್ರೆ ಕ್ಲಾಸ್ ನಿಲ್ಲಿಸ್ತೀರಲ್ವಾ ಸಾರ್?’ ಎಂದು ಒಬ್ಬ ಕೇಳಿಯೇಬಿಟ್ಟ. ಆ ಟಿಕ್‌ಗಳೇ ನಮ್ಮ ವರದಿಯಲ್ಲಿ ಚೆಂದದ ಗ್ರಾಫ್ ಆದವು.

ಈ ವಿಷಯ ಬಂದಾಗಲೆಲ್ಲ ಅಮೆರಿಕದ ಕ್ಯಾಲಿಫೋರ್ನಿಯಾದ ಲೆಕ್ಕ ಹೇಳುವುದುಂಟು. ಅಲ್ಲಿನ ಜೈಲು ಇಲಾಖೆ 1987ರಲ್ಲಿ, ಪೆರೋಲ್ ಮೇಲೆ (ಅಲ್ಲಿ ಅಂದರೆ ಷರತ್ತಿನ ಬಿಡುಗಡೆ) ಹೊರಬಂದವರು ಏನಾದರು ಎಂದು ನೋಡಿತ್ತು. ಎರಡು ವರ್ಷದ ನಂತರವೂ ಸರಿಯಾಗಿ ನಡೆದುಕೊಂಡಿದ್ದವರು ಕಲಾ ತರಗತಿಯವರಲ್ಲಿ ಶೇ 69, ಬಿಡುಗಡೆಯಾದವರಲ್ಲಿ ಒಟ್ಟಾರೆ ಶೇ 42. ಕೇಳಲು ಖುಷಿ. ಆದರೆ ಇಂಥ ತರಗತಿಗೆ ಹೆಸರು ಕೊಡುವವರು ಯಾರು? ಹೇಗಾದರೂ ಬದಲಾಗಬೇಕು ಎಂದು ಮೊದಲೇ ಮನಸ್ಸು ಮಾಡಿದವರೇ ಜಾಸ್ತಿ. ಕುಂಚ ಹಿಡಿಯದಿದ್ದರೂ ಅವರು ದಾರಿಗೆ ಬರುತ್ತಿದ್ದರೇನೋ.

ಬ್ರಿಟನ್‌ನಲ್ಲಿ 2013ರಿಂದ ನ್ಯಾಯ ಇಲಾಖೆಯ ‘ಜಸ್ಟಿಸ್ ಡೇಟಾ ಲ್ಯಾಬ್’ ಎಂಬ ಅಂಕಿಅಂಶ ಘಟಕ ಇದೆ. ಸಂಸ್ಥೆಗಳು ತಮ್ಮಲ್ಲಿ ಕಲಿತವರ ವಿವರ ಕೊಡುತ್ತವೆ. ವಯಸ್ಸು, ಹಳೆಯ ಅಪರಾಧಗಳಲ್ಲಿ ಅವರನ್ನೇ ಹೋಲುವ ಇತರರನ್ನು ಕಡತದಲ್ಲಿ ಹುಡುಕಿ, ಒಂದು ವರ್ಷದಲ್ಲಿ ಮತ್ತೆ ಅಪರಾಧಕ್ಕೆ ಇಳಿದವರು ಎಷ್ಟು ಎಂದು ಎರಡೂ ಕಡೆ ನೋಡುತ್ತಾರೆ. ಇದು ಎಷ್ಟೋ ವಾಸಿ. ಆದರೂ ಹನ್ನೆರಡು ಜನರ ನಾಟಕ ತಂಡದಲ್ಲಿ ಒಬ್ಬ ಜಾರಿದರೂ ಶೇಕಡಾ ಲೆಕ್ಕ ತಲೆಕೆಳಗು. ಅದೂ ಅಲ್ಲದೆ, ಕಲಿಯುವ ಮನಸ್ಸು ಯಾವ ಕಡತದಲ್ಲಿ ಸಿಗುತ್ತದೆ?

ನನಗೆ ತೋಚುವುದು ಇಷ್ಟು. ಜಾಗ ಕಡಿಮೆ, ಕೇಳುವವರು ಹೆಚ್ಚು ಇರುವ ಕಡೆ ಚೀಟಿ ಎತ್ತಿ ಆಯ್ಕೆ ಮಾಡಲಿ. ಆಗ ಜಾಗ ಸಿಗದವರ ಜೊತೆ ಹೋಲಿಸಬಹುದು. ಪ್ರಶ್ನೆ ಕೇಳುವವರು ಪಾಠ ಮಾಡಿದವರಾಗಿರಬಾರದು, ವಾರ್ಡರ್ ಅಂತೂ ಅಲ್ಲವೇ ಅಲ್ಲ. ಅರ್ಧಕ್ಕೆ ಬಿಟ್ಟವರು, ಬೇರೆ ಜೈಲಿಗೆ ವರ್ಗವಾದವರೂ ಲೆಕ್ಕದಲ್ಲಿ ಇರಲಿ.

ನಮ್ಮ ವರದಿಯಲ್ಲಿ ಅವರು ಇರಲಿಲ್ಲ. ಮೂರನೇ ವಾರಕ್ಕೇ ಬರುವುದು ನಿಲ್ಲಿಸಿದವರು ಹಲವರಿದ್ದರು. ಯಾಕೆ ಬಿಟ್ಟಿರಿ ಎಂದು ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇತಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ