ನಿನ್ನ ಶರ್ಟು ಮಧ್ಯಾಹ್ನಕ್ಕೇ ಯಾಕೆ ನಾರುತ್ತದೆ ಅಂದರೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. "ಮುಚ್ಚಳದ ತುಂಬ ಲಿಕ್ವಿಡ್ ಹಾಕ್ತೀನಿ, ಮೇಲಿಂದ ಘಮಘಮ ಕಂಡೀಷನರ್ ಬೇರೆ ಸುರಿತೀನಿ, ಆದ್ರೂ ಮಧ್ಯಾಹ್ನದ ಹೊತ್ತಿಗೆ ಶರ್ಟು ನಾರುತ್ತೆ" ಅಂತ ಬರೆದಿದ್ದೀಯಲ್ಲ, ಕಳ್ಳ ಆ ವಾಕ್ಯದಲ್ಲೇ ಕೂತಿದ್ದಾನೆ. ನಿನ್ನ ಬಟ್ಟೆಗೆ ಸೋಪು ಸಾಲದೆ ಹೀಗಾಗಿದ್ದಲ್ಲ. ಜಾಸ್ತಿಯಾಗಿ ಹೀಗಾಗಿದೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡು. ಒಗೆದು ಮಡಚಿಟ್ಟಿರುವ ಶರ್ಟೊಂದನ್ನು ಬಿಸಿನೀರಿನ ಬಕೆಟ್ಟಿಗೆ ಹಾಕು. ಸೋಪು, ಪುಡಿ ಏನೂ ಬೇಡ. ಒಂದು ಹತ್ತು ನಿಮಿಷ ಬಿಟ್ಟು ಕೈಯಿಂದ ಚೆನ್ನಾಗಿ ಕಲಕು. ನೊರೆ ಬಂತಾ? ನೀರು ಬೂದು ಬಣ್ಣಕ್ಕೆ ತಿರುಗಿತಾ? ಅದು ಕಳೆದ ಎಷ್ಟೋ ಸಲದ ಸೋಪು ಮತ್ತು ಅದಕ್ಕೆ ಅಂಟಿಕೊಂಡ ಕೊಳೆ. ನಾನು ಮೊದಲ ಸಲ ಹೀಗೆ ಮಾಡಿ ನೋಡಿದಾಗ ಆ ನೀರು ನೋಡಿ ನಾಚಿಕೆಯಾಯಿತು ಮಾರಾಯ. ಅದೇ ಶರ್ಟು ಹಾಕಿಕೊಂಡು ಊರೆಲ್ಲ ತಿರುಗಿದ್ದೆ.

ಸೋಪಿನ ಕಣಕ್ಕೆ ಒಂದು ತಲೆ, ಒಂದು ಬಾಲ ಇರುತ್ತದೆ ಅಂದುಕೋ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಬಾಲಗಳೆಲ್ಲ ಸೇರಿ ಜಿಡ್ಡನ್ನು ಸುತ್ತುವರಿಯುತ್ತವೆ, ತಲೆಗಳು ಅದನ್ನು ನೀರಿಗೆ ಎಳೆದುಕೊಂಡು ಹೋಗುತ್ತವೆ. ಇರುವ ಜಿಡ್ಡಿಗೆಲ್ಲ ಬಾಲ ಸಿಕ್ಕ ಮೇಲೆ ಮಿಕ್ಕ ಸೋಪಿಗೆ ಕೆಲಸವೇ ಇಲ್ಲ. ಅದನ್ನೂ ಜಾಲಿಸಿ ತೆಗೆಯಬೇಕು, ಅಷ್ಟೇ. ನಿನ್ನದು ಮುಂದೆ ಬಾಗಿಲಿರುವ ಮಷೀನು. ಅದು ನೀರು ಬಳಸುವುದೇ ಕಡಿಮೆ. ಹಾಗಾಗಿ ಸೋಪು ಎಳೆಯೊಳಗೇ ಉಳಿದುಬಿಡುತ್ತದೆ. ಅದಕ್ಕೆ ಬೆವರು, ಮೈ ಎಣ್ಣೆ, ಚರ್ಮದ ಹೊಟ್ಟು ಎಲ್ಲ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು?

ಮನೆಯೊಳಗೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆಗೆ ಕಾರಣ ಯಾರು ಅಂತ ಜಪಾನಿನ ಸಂಶೋಧಕರು ಹುಡುಕಿ, 2012ರಲ್ಲಿ ಒಂದು ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸಿದರು. ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅಂತ ಅದರ ಹೆಸರು. ಒಣಗಿಸಿದರೂ ಅದು ಸುಲಭಕ್ಕೆ ಸಾಯುವುದಿಲ್ಲ. ಬೆಳಿಗ್ಗೆ ಶರ್ಟು ಹಾಕಿಕೊಳ್ಳುವಾಗ ಸುವಾಸನೆ, ಬೆವರು ತಾಗಿ ಒದ್ದೆಯಾದ ಕೂಡಲೇ ಹಳೇ ಕಥೆ. ನಿನ್ನದೂ ಇದೇ ಅಲ್ವಾ?

ಹಾಗಾಗಿ ಮೊದಲು ಅಳತೆ. ಲಿಕ್ವಿಡ್ ಮುಚ್ಚಳದ ಒಳಗೆ ಗೆರೆಗಳಿರುತ್ತವೆ, ಬೆಳಕಿಗೆ ಹಿಡಿದು ನೋಡು. ಮಾಮೂಲಿ ಕೊಳೆಗೆ ಕೆಳಗಿನ ಗೆರೆಯೇ ಸಾಕು. ನೀನಿರುವಲ್ಲಿ ಗಡಸು ನೀರಾದರೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಯಾಕೆಂದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಹಾಗಂತ ಮುಚ್ಚಳ ತುಂಬಿಸಬೇಡ. ಈಗಿರುವ ಶರ್ಟುಗಳನ್ನೆಲ್ಲ ಒಂದು ಸಲ ಸೋಪಿಲ್ಲದೆ ಬರೀ ನೀರಿನಲ್ಲಿ ತಿರುಗಿಸಿ ತೆಗೆ. ನೊರೆ ನಿಲ್ಲುವವರೆಗೂ.

ಕಂಡೀಷನರ್ ವಿಷಯದಲ್ಲಿ ನಾನು ಸ್ವಲ್ಪ ಕಟು. ಅದು ಬಟ್ಟೆಯ ಮೇಲೆ ಒಂದು ತೆಳು ಜಿಡ್ಡಿನ ಪದರ ಬಿಡುತ್ತದೆ, ಮೆತ್ತಗೆ ಅನ್ನಿಸುವುದು ಅದಕ್ಕೇ. ಟವೆಲ್ಲಿಗೆ ಹಾಕಿದರೆ ಟವೆಲ್ಲು ನೀರು ಹೀರುವುದನ್ನೇ ಬಿಡುತ್ತದೆ. ವ್ಯಾಯಾಮದ ಬನಿಯನ್ನಿಗೆ ಹಾಕಿದರೆ ಬೆವರು ಆಚೆ ಹೋಗುವುದಿಲ್ಲ. ನಿಲ್ಲಿಸಿಬಿಡು.

ಮಷೀನನ್ನು ಗಿಡಿದು ತುಂಬಬೇಡ. ಬಟ್ಟೆ ಹಾಕಿದ ಮೇಲೆ ಅದರ ಮೇಲೆ ನಿನ್ನ ಕೈ ಆರಾಮಾಗಿ ಆಡಬೇಕು. ಈ ಮಷೀನು ಒಗೆಯುವುದೇ ಬಟ್ಟೆಯನ್ನು ಮೇಲೆತ್ತಿ ಕೆಳಗೆ ಬೀಳಿಸಿ. ಬೀಳಲು ಜಾಗವೇ ಇಲ್ಲದಿದ್ದರೆ ಸುಮ್ನೆ ಒದ್ದೆಯಾಗಿ ಸುತ್ತುತ್ತಿರುತ್ತವೆ. ಶರ್ಟನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕು. ಕೊಳೆ ಇರುವುದು ಕಂಕುಳಲ್ಲಿ, ಕಾಲರಿನ ಒಳಗೆ, ಅಂದರೆ ಮೈ ತಾಗುವ ಕಡೆ. ಹೊರಗಡೆಯ ಬಣ್ಣವೂ ಉಳಿಯುತ್ತದೆ. ಪಾಲಿಯೆಸ್ಟರ್ ಬಟ್ಟೆ ಹತ್ತಿಗಿಂತ ಹೆಚ್ಚು ಮೈ ಎಣ್ಣೆ ಹಿಡಿದುಕೊಳ್ಳುತ್ತದೆ, ಅದನ್ನು ಬೆವರಿದ ದಿನವೇ ಒಗೆದುಬಿಡುವುದು ವಾಸಿ.

ಬಿಸಿನೀರು ಎಲ್ಲದಕ್ಕೂ ಮದ್ದು ಅಂತ ನೀನು ನಂಬಿದ್ದೀಯ. ರಕ್ತದ ಕಲೆಗೆ ಬಿಸಿನೀರು ಹಾಕಿದೆಯೋ, ಕಲೆ ಅಲ್ಲೇ ಬೇರು ಬಿಟ್ಟಿತು ಅಂತಲೇ. ರಕ್ತ ಅಂದರೆ ಪ್ರೋಟೀನು, ಕಾವು ತಾಗಿದರೆ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಲ್ಲಿ ನೆನೆಹಾಕು. ಎಣ್ಣೆ ಕಲೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿ ಹಾಕಿ, ಸವರಿ, ಕಾಲು ಗಂಟೆ ಬಿಡು. ಹಾಸಿಗೆ ಬಟ್ಟೆ, ಟವೆಲ್ಲಿಗೆ ಮಾತ್ರ 60 ಡಿಗ್ರಿ ಇಡು, ಧೂಳಿನ ನುಸಿ ಸಾಯುವುದು ಆ ಕಾವಿಗೆ. ಮಿಕ್ಕಿದ್ದಕ್ಕೆ 30 ಅಥವಾ 40 ಸಾಕು. ಈಗಿನ ಎಷ್ಟೋ ಪುಡಿಗಳಲ್ಲಿ ಕೊಳೆಯನ್ನು ತುಂಡರಿಸುವ ಕಿಣ್ವಗಳಿರುತ್ತವೆ, ಅವು ಅಷ್ಟು ಕಾವಿಗೇ ಕೆಲಸ ಮಾಡುತ್ತವೆ. ಇದೇನೂ ಹೊಸದಲ್ಲ. ಒಗೆಯಲು ಕಿಣ್ವ ಬಳಸಬಹುದು ಅಂತ ಜರ್ಮನಿಯ ಓಟ್ಟೋ ರೋಮ್ ಪೇಟೆಂಟ್ ತೆಗೆದುಕೊಂಡದ್ದು 1913ರಲ್ಲಿ.

ಆದರೆ ಉಣ್ಣೆ, ರೇಷ್ಮೆ ಕೂಡ ಪ್ರೋಟೀನೇ! ಕಲೆ ತಿನ್ನುವ ಕಿಣ್ವ ಅವನ್ನೂ ತಿನ್ನುತ್ತದೆ. ಅವಕ್ಕೆ ಬೇರೆ ಲಿಕ್ವಿಡ್ ಸಿಗುತ್ತದೆ, ಇಲ್ಲದಿದ್ದರೆ ಶಾಂಪೂ ನಡೆಯುತ್ತದೆ. ನನ್ನ ಬೂದು ಸ್ವೆಟರ್ ನೆನಪಿದೆಯಾ? ಅದನ್ನೊಮ್ಮೆ ಟವೆಲ್ಲುಗಳ ಜೊತೆ 60 ಡಿಗ್ರಿಗೆ ತಿರುಗಿಸಿಬಿಟ್ಟೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಪುಟ್ಟ ಪುಟ್ಟ ಪೊರೆಗಳಿರುತ್ತವೆ. ಕಾವಿನಲ್ಲಿ ಕುಲುಕಿದಾಗ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮತ್ತೆ ಬಿಡುವುದಿಲ್ಲ. ಹೊರಗೆ ತೆಗೆದರೆ ಕಂಬಳಿಯ ತುಂಡಿನ ಹಾಗೆ ದಪ್ಪಗೆ, ಐದು ವರ್ಷದ ಮಗುವಿಗೆ ಸರಿಹೋಗುವಷ್ಟು. ತೋಳಿನಲ್ಲಿ ನನ್ನ ಕೈ ಮೊಣಕೈಯಿಂದ ಮುಂದೆ ಹೋಗಲೇ ಇಲ್ಲ.

ಅದಾದ ಮೇಲೆ ಕಾಲರಿನ ಹಿಂದಿನ ಚೀಟಿ ಓದಲು ಕಲಿತೆ. ತೊಟ್ಟಿಯ ಚಿತ್ರ ಒಗೆಯುವುದಕ್ಕೆ, ತ್ರಿಕೋನ ಬ್ಲೀಚಿಗೆ, ಚೌಕ ಒಣಗಿಸುವುದಕ್ಕೆ, ಬರೀ ವೃತ್ತ ಡ್ರೈಕ್ಲೀನಿಂಗ್‌ನವರಿಗೆ. ತೊಟ್ಟಿಯ ಕೆಳಗೆ ಗೆರೆ ಇದ್ದರೆ ಮೆಲ್ಲಗೆ ತಿರುಗಿಸು ಅಂತ. ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗೆ ಒಂದು ಚುಕ್ಕೆ ಇದ್ದರೆ ಕಡಿಮೆ ಕಾವು, ಎರಡಕ್ಕೆ ಮಧ್ಯಮ, ಮೂರಕ್ಕೆ ಜಾಸ್ತಿ.

ಬ್ಲೀಚ್ ಬಗ್ಗೆ ಒಂದೇ ಮಾತು. ಅದರ ಜೊತೆ ವಿನೆಗರ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ ಯಾವತ್ತೂ ಬೆರೆಸಬೇಡ. ಏಳುವ ಗಾಳಿ ವಿಷ. ತಮಾಷೆ ಅಲ್ಲ.

ಮಷೀನು ನಿಂತ ಕೂಡಲೇ ಬಟ್ಟೆ ತೆಗೆ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ನಿನ್ನ ಅಭ್ಯಾಸ ಇದೆಯಲ್ಲ, ಆ ಮುಗ್ಗಲಿಗೆ ಅರ್ಧ ಪಾಲು ಅದರದ್ದೇ. ಒಂದೊಂದನ್ನೂ ಫಟ್ ಅಂತ ಝಾಡಿಸಿ, ನಡುವೆ ಜಾಗ ಬಿಟ್ಟು ಒಣಹಾಕು. ಝಾಡಿಸಿದರೆ ಇಸ್ತ್ರಿ ಕೆಲಸವೂ ಅರ್ಧ ಮುಗಿದ ಹಾಗೆ. ಮಷೀನಿನ ಬಾಗಿಲು ತೆರೆದಿಡು, ಬಾಯಿಯ ರಬ್ಬರಿನ ಮಡಿಕೆ ಒರೆಸು. ಅಲ್ಲಿ ಬೆರಳಾಡಿಸಿ ನೋಡು, ಕಪ್ಪು ಲೋಳೆ ಬರುತ್ತದೆ. ಹೆದರಬೇಡ, ಎಲ್ಲರ ಮನೆಯಲ್ಲೂ ಬರುತ್ತದೆ.

ಇನ್ನು ನಿನ್ನ ಟೂರು. ಹೋಟೆಲಿನಲ್ಲಿ ನನ್ನ ಲೆಕ್ಕ ಇಷ್ಟೇ: ಹೋದ ಸಂಜೆಯೇ ಒಗೆ, ಹೊರಡುವ ರಾತ್ರಿ ಒಗೆಯಬೇಡ. ನಾನೊಮ್ಮೆ ಕೊನೇ ರಾತ್ರಿ ಒಗೆದು, ಬೆಳಿಗ್ಗೆ ಇನ್ನೂ ತೇವ ಇದ್ದದ್ದನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಬ್ಯಾಗಿಗೆ ಹಾಕಿದೆ. ಸಂಜೆ ಬಿಚ್ಚಿದಾಗ ಆ ಒಂದು ಶರ್ಟಲ್ಲ, ಇಡೀ ಬ್ಯಾಗೇ ನಾರುತ್ತಿತ್ತು.

ಸಿಂಕನ್ನು ಮೊದಲು ತೊಳೆದುಕೋ. ಬಿರಡೆ ನೀರು ಹಿಡಿಯದಿದ್ದರೆ ಒದ್ದೆ ಸಾಕ್ಸನ್ನು ಉಂಡೆ ಮಾಡಿ ತೂತಿಗೆ ಒತ್ತು. ಉಗುರುಬೆಚ್ಚಗಿನ ನೀರು, ಅರ್ಧ ಚಮಚ ಲಿಕ್ವಿಡ್. ಇಲ್ಲದಿದ್ದರೆ ಬಾತ್‌ರೂಮಿನಲ್ಲಿರುವ ಶವರ್ ಜೆಲ್ಲೇ ಸಾಕು. ಹತ್ತು ನಿಮಿಷ ನೆನೆಯಲಿ. ಕಾಲರನ್ನು ಕಾಲರಿಗೇ ಉಜ್ಜು. ಬಟ್ಟೆ ಕೈಗೆ ಜಾರದಂತಾಗುವವರೆಗೆ ಜಾಲಿಸು.

ಈಗ ಅಸಲು ವಿದ್ಯೆ. ಒಣ ಟವೆಲ್ಲನ್ನು ಹಾಸಿ, ಅದರ ಮೇಲೆ ಹಿಂಡಿದ ಶರ್ಟನ್ನು ಚಪ್ಪಟೆಯಾಗಿ ಹರಡು. ಎರಡನ್ನೂ ಸೇರಿಸಿ ಚಾಪೆಯ ಹಾಗೆ ಬಿಗಿಯಾಗಿ ಸುತ್ತು. ನೆಲದ ಮೇಲಿಟ್ಟು ಮಂಡಿಯೂರಿ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಒತ್ತುತ್ತಾ ಹೋಗು. ಬಿಚ್ಚಿದಾಗ ಟವೆಲ್ಲು ಭಾರವಾಗಿರುತ್ತದೆ, ಶರ್ಟು ಬರೀ ತೇವ. ಹ್ಯಾಂಗರಿಗೆ ಹಾಕಿ, ಮೇಲಿನ ಗುಂಡಿ ಹಾಕಿ, ಕೈಯಿಂದ ಎಳೆದು ಸರಿಮಾಡು. ಬಾತ್‌ರೂಮಿನಲ್ಲಿ ನೇತುಹಾಕಬೇಡ, ಅಲ್ಲಿ ಹಬೆ. ಏಸಿ ಗಾಳಿಯ ತೇವವನ್ನು ಹೀರಿ ಆಚೆ ಹಾಕುತ್ತಿರುತ್ತದೆ, ಹಾಗಾಗಿ ರೂಮಿನಲ್ಲೇ ಬೇಗ ಒಣಗುವುದು. ಜೀನ್ಸ್ ಮಾತ್ರ ಈ ಸಾಹಸಕ್ಕೆ ತರಬೇಡ, ಎರಡು ದಿನವಾದರೂ ಒಣಗುವುದಿಲ್ಲ.

ಛಾವಣಿಯಲ್ಲಿ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಇರುತ್ತದಲ್ಲ, ಹ್ಯಾಂಗರಿಗೆ ಹೇಳಿ ಮಾಡಿಸಿದ ಕೊಕ್ಕೆಯ ಹಾಗೆ ಕಾಣುತ್ತದೆ. ಅದನ್ನು ಮುಟ್ಟಬೇಡ. ಅದರ ನಡುವೆ ದ್ರವ ತುಂಬಿದ ಪುಟ್ಟ ಗಾಜಿನ ಕೊಳವೆ ಇರುತ್ತದೆ. ಕೆಂಪು ದ್ರವದ್ದಾದರೆ 68 ಡಿಗ್ರಿಗೆ ಒಡೆಯಲಿ ಅಂತಲೇ ಮಾಡಿದ್ದು. ಹ್ಯಾಂಗರ್ ತಗುಲಿ ಒಡೆದರೂ ನೀರು ಧೋ ಅಂತ ಸುರಿಯುತ್ತದೆ.

ಹೋಟೆಲಿನವರಿಗೇ ಒಗೆಯಲು ಕೊಡುವುದಾದರೆ ಚೀಟಿಯಲ್ಲಿ ನೀನೇ ಎಣಿಸಿ ಬರೆ, ಚೀಲಕ್ಕೆ ಹಾಕುವ ಮುಂಚೆ ಒಂದು ಫೋಟೋ ತೆಗೆದುಕೋ. ಸಂಜೆಗೆ ಬೇಕೆಂದರೆ ಸಾಮಾನ್ಯವಾಗಿ ಬೆಳಿಗ್ಗೆಯೇ ಕೊಡಬೇಕು, ಗಂಟೆ ಎಷ್ಟು ಅಂತ ಚೀಟಿಯಲ್ಲೇ ಇರುತ್ತದೆ. ಬಟ್ಟೆ ಹಾಳಾದರೆ ಎಷ್ಟು ಕೊಡುತ್ತಾರೆ ಅಂತ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ, ಓದಿದರೆ ರೇಷ್ಮೆ ಶರ್ಟನ್ನು ನೀನೇ ವಾಪಸ್ ತೆಗೆದಿಡುತ್ತೀಯ. ರೂಮಿನ ಇಸ್ತ್ರಿಪೆಟ್ಟಿಗೆಯನ್ನು ಮೊದಲು ಟವೆಲ್ಲಿನ ಮೇಲೆ ಆಡಿಸು. ಹಬೆಯ ತೂತಿನಿಂದ ಕಂದು ನೀರು ಉಗುಳಿದರೆ ಅಲ್ಲೇ ಉಗುಳಲಿ.

ಕೊನೆಗೆ, ಜೇಬಿನಲ್ಲಿ ಪೆನ್ನು ಒಡೆದ ಆ ಬಿಳಿ ಶರ್ಟು. ಬಾಲ್ ಪೆನ್ನಿನ ಇಂಕು ತಾನೆ? ಅದಕ್ಕೆ ನೀರು ಮುಟ್ಟಿಸಬೇಡ. ಕೆಳಗೆ ಹಳೇ ಬಟ್ಟೆ ಇಟ್ಟು, ಹತ್ತಿಗೆ ಸ್ಯಾನಿಟೈಸರ್ ಹಾಕಿ ಅಂಚಿನಿಂದ ಒಳಕ್ಕೆ ಒತ್ತುತ್ತಾ ಬಾ. ಉಜ್ಜಬೇಡ, ಹರಡುತ್ತದೆ. ಕೆಳಗಿನ ಬಟ್ಟೆಗೆ ನೀಲಿ ಇಳಿಯುತ್ತಾ ಹೋದ ಹಾಗೆ ಜಾಗ ಬದಲಿಸು. ಭಾನುವಾರ ಫೋಟೋ ಕಳಿಸು, ಎಷ್ಟು ಬಿಟ್ಟಿದೆ ನೋಡೋಣ.

ಇಂತಿ,
ಸ್ವೆಟರ್ ಕಳೆದುಕೊಂಡ ನಿನ್ನ ಗೆಳೆಯ